ಹಿಂದಿನಿಂದ ಬರುವ ನೀರು

ಹೊಳೆ ಏರಿದಾಗ ಎಲ್ಲರೂ ಹೊಳೆಯನ್ನೇ ನೋಡುತ್ತಾರೆ. ನಮ್ಮ ದಿಬ್ಬದಲ್ಲಿ ಮಾತ್ರ ಒಬ್ಬಳು ಹೊಳೆಗೆ ಬೆನ್ನು ಹಾಕಿ ಕೂರಬೇಕಿತ್ತು. ಆ ಒಬ್ಬಳು ನಮ್ಮಜ್ಜಿ.

ಎಲ್ಲಿ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನರಸೀಪುರದಲ್ಲಿ ಕಪಿಲೆ ಬಂದು ಕಾವೇರಿಗೆ ಸೇರುತ್ತಾಳಲ್ಲ, ಅಲ್ಲಿಂದ ಕಪಿಲೆಯ ದಂಡೆ ಹಿಡಿದು ಮೇಲಕ್ಕೆ ಒಂದಷ್ಟು ದೂರ ನಡೆದರೆ ಒಂದು ಊರು. ಊರಿನಾಚೆ ಒಂದು ತಗ್ಗು. ತಗ್ಗಿನಾಚೆ ಒಂದು ದಿಬ್ಬ. ದಿಬ್ಬದಾಚೆ ಹೊಳೆ. ದಿಬ್ಬದ ಮೇಲೆ ಹನ್ನೊಂದು ಮನೆ. ಊರಿನವರು ಅದನ್ನು ಕೇರಿ ಅನ್ನುತ್ತಿದ್ದರು, ನಾವು ದಿಬ್ಬ ಅನ್ನುತ್ತಿದ್ದೆವು. ಅಪ್ಪ ಅಮ್ಮ ನಂಜನಗೂಡಿನಲ್ಲಿ ಮಿಲ್ ಕೆಲಸಕ್ಕೆ ಹೋಗುತ್ತಿದ್ದುದರಿಂದ ಹೈಸ್ಕೂಲು ಮುಗಿಯುವ ತನಕ ನಾನು ಬೆಳೆದದ್ದು ಅಲ್ಲೇ, ಅಜ್ಜಿಯ ಜೊತೆ. ನನಗೆ ಮಾತು ಬಂದದ್ದೂ ಅವಳಿಂದಲೇ. ಈಗ ಬರೆಯುವಾಗ ನನ್ನ ವಾಕ್ಯ ಎಲ್ಲಾದರೂ ನೆಟ್ಟಗೆ ನಿಂತರೆ ಅದು ಅವಳದು, ಬಗ್ಗಿದರೆ ನನ್ನದು.

ಬೆನ್ನು ಹಾಕಿ ಕೂರುವುದು ಯಾಕೆಂದರೆ, ನಮ್ಮ ದಿಬ್ಬಕ್ಕೆ ನೀರು ಎದುರಿನಿಂದ ಬರುತ್ತಿರಲಿಲ್ಲ. ಹೊಳೆಯ ಕಡೆ ಕಲ್ಲು ದಂಡೆ, ಎತ್ತರ. ಕೆಳಗೆಲ್ಲೋ ಒಂದು ಹಳೇ ಕಾಲುವೆಯ ಬಾಯಿತ್ತು. ಹೊಳೆ ತುಂಬಿದಾಗ ನೀರು ಆ ಬಾಯಿಂದ ಒಳಕ್ಕೆ ನುಗ್ಗಿ, ಗದ್ದೆ ಹಾದು, ಸದ್ದೇ ಇಲ್ಲದೆ ಹಿಂದಿನ ತಗ್ಗಿಗೆ ಬಂದು ನಿಲ್ಲುತ್ತಿತ್ತು. ಎಲ್ಲರೂ ಹೊಳೆ ನೋಡುತ್ತ "ಇನ್ನೂ ಎರಡಾಳು ಕೆಳಗದೆ ಬುಡು" ಅಂದುಕೊಂಡು ನಿಂತಿರುವಾಗ ಹಿಂದೆ ದಾರಿ ಹೋಗಿಬಿಟ್ಟಿರುತ್ತಿತ್ತು. ತಗ್ಗಿನ ನಡುವೆ ಕುರಿಯಷ್ಟು ದೊಡ್ಡ ಕಲ್ಲೊಂದಿತ್ತು, ಕುರಿಕಲ್ಲು. ನೀರು ಅದರ ಹೊಟ್ಟೆಗೆ ತಾಕಿದರೆ ಹಟ್ಟಿಯೆಲ್ಲ ಎದ್ದು ನಡೆಯಬೇಕು. ಅದನ್ನು ನೋಡುವ ಕೆಲಸ ದಿಬ್ಬದ ಅತಿ ಹಿರಿಯ ಹೆಂಗಸಿನದು. ಯಾರು ಮಾಡಿದ ಕಟ್ಟಳೆಯೋ ಗೊತ್ತಿಲ್ಲ.

ನಮ್ಮಜ್ಜಿಗೆ ಜೊತೆಯಾಗಿ ಪಕ್ಕದ ಮನೆಯ ದೊಡ್ಡವ್ವ ಕೂರುತ್ತಿದ್ದಳು. ಇಬ್ಬರೂ ಒಂದೇ ವಾರಿಗೆಯವರು. ದೊಡ್ಡವ್ವನಿಗೆ ನಾಟಿ ಗದ್ದೆಯಲ್ಲಿ ಬಿದ್ದು ಒಂದು ಕಾಲು ಊನವಾಗಿತ್ತು, ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ. ತೊಂಬತ್ತರ ದಶಕದ ಮೊದಲಲ್ಲಿ ಒಂದು ಮಳೆಗಾಲ ನಾನೂ ಅವರ ನಡುವೆ ಕೂತಿದ್ದೆ. ಅಂದು ನನಗೆ ಹೊಳೆ ನೋಡುವ ಆಸೆ, ಕತ್ತು ಹಿಂದಕ್ಕೆ ತಿರುಗುತ್ತಲೇ ಇತ್ತು.

"ಅಲ್ಲೇನ್ ನೋಡೀಯೆ ಅಮ್ಮಿ? ಅದು ಕುಣಿಯೋ ನೀರು, ಕುಣ್ಕೊಂಡು ಓಯ್ತದೆ" ಅಂದಳು ಅಜ್ಜಿ. "ಇಲ್ಲಿ ನೋಡು. ಇದು ಕುಂತ್ಕೊಳ್ಳೋ ನೀರು."

"ನಿಮ್ಮಜ್ಜಿ ಮದ್ವೇಲೂ ಇಂಗೇ ಕಣಮ್ಮಿ" ಅಂದಳು ದೊಡ್ಡವ್ವ. "ಎಲ್ರೂ ಗಂಡನ್ ನೋಡ್ತಿದ್ರೆ ಇವ್ಳು ಹಿಂದ್ಗಡೆ ಅನ್ನ ಬೇಯಿಸೋರ್ನ ನೋಡ್ತಿದ್ಲು."

"ಗಂಡನ್ನ ಆಮ್ಯಾಕೆ ನೋಡಿದ್ನಲ್ಲ, ಮೂವತ್ತೊರ್ಸ. ಅನ್ನ ಅವತ್ತೊಂದಿನ ಇದ್ದದ್ದು."

ನಗುತ್ತಿದ್ದರೂ ಇಬ್ಬರ ಕಣ್ಣೂ ಕಲ್ಲಿನ ಮೇಲಿಂದ ಕದಲುತ್ತಿರಲಿಲ್ಲ. ಅವತ್ತು ನೀರು ಹೊಟ್ಟೆಗೆ ತಾಕುವ ಮುಂಚೆ ಅಜ್ಜಿ ಕೂಗಿದಳು, ನಾವು ಮೊಣಕಾಲುದ್ದದಲ್ಲಿ ದಾಟಿದೆವು, ದೊಡ್ಡವ್ವನನ್ನು ಸೋದರಮಾವ ಹೆಗಲ ಮೇಲೆ ಹೊತ್ತ. ಊರಿನ ಸ್ಕೂಲ್ ಜಗುಲಿಯ ಮೇಲೆ ಮೂರು ದಿನ ಇದ್ದೆವು. ನೀರು ಇಳಿಯುವಾಗ ಅಜ್ಜಿ ಬೆರಳು ಮಡಿಚಿ ಹೇಳುತ್ತಿದ್ದಳು. ಮೊದಲು ಗುಡಿ ಮೇಡು ತಲೆ ಎತ್ತುತ್ತದೆ. ಆಮೇಲೆ ಹುಣಸೆ ತೋಪು. ಅವೆರಡೂ ಕೂಡಿಕೊಂಡು ಒಂದಾಗುತ್ತವೆ. ಆಮೇಲೆ ನಮ್ಮ ದಿಬ್ಬ, ಒಂಟಿಯಾಗಿ. ಇನ್ನೆರಡು ಮೊಳ ಇಳಿದರೆ ನಮ್ಮ ದಿಬ್ಬವೂ ಅವುಗಳಿಗೆ ಕೂಡಿಕೊಳ್ಳುತ್ತದೆ. "ನಮ್ದು ವಸಿ ಒತ್ತಷ್ಟೇ ಕಣವ್ವ. ಬೇಗ ಬೇರೆಯಾಯ್ತದೆ, ಬೇಗ ಮುಳುಗ್ತದೆ." ಹದಿನಾಲ್ಕು ವರ್ಷದ ನನಗೆ ಅದು ಹಾಡಿನ ಹಾಗೆ ಕಿವಿಗೆ ಬಿದ್ದಿತ್ತು.

ಎಂ.ಎಸ್ಸಿ. ಮಾಡಿ, ನಂಜನಗೂಡಿನಲ್ಲಿ ಗಣಿತ ಪಾಠ ಹೇಳುವ ಕೆಲಸ ಸಿಕ್ಕಿ, ಮೈಸೂರಿನಲ್ಲಿ ಸಂಶೋಧನೆಗೆ ಸೇರಿಕೊಂಡೆ. ಆ ಹೊತ್ತಿಗೆ ಎರಡು ಸಾವಿರದ ಇಸವಿ ದಾಟಿತ್ತು. ನನ್ನ ಮಾರ್ಗದರ್ಶಕರು ಟೋಪಾಲಜಿಯವರು. ಆಕಾರವನ್ನು ಬಿಟ್ಟು, ಯಾವುದು ಯಾವುದಕ್ಕೆ ಅಂಟಿದೆ, ಎಲ್ಲಿ ಬೇರೆಯಾಗುತ್ತದೆ ಎಂಬುದನ್ನಷ್ಟೇ ಹಿಡಿಯುವ ಗಣಿತ. ಅದನ್ನು ಕಂಪ್ಯೂಟರಿಗೆ ಇಳಿಸಿ ರಾಶಿ ರಾಶಿ ಲೆಕ್ಕದೊಳಗೆ ಹುದುಗಿದ್ದನ್ನು ಕಣ್ಣಿಗೆ ಕಾಣುವಂತೆ ಮಾಡುವುದು ಆಗ ಹೊಸದಾಗಿ ಬರುತ್ತಿದ್ದ ವಿದ್ಯೆ. ಮೊದಲ ದಿನ ಅವರು ಬೋರ್ಡಿನ ಮೇಲೆ ಗುಡ್ಡ ಬೆಟ್ಟಗಳನ್ನು ಬರೆದು, "ಇದೆಲ್ಲ ನೀರಿನಲ್ಲಿ ಮುಳುಗಿದೆ ಅಂತ ಇಟ್ಕೊಳ್ಳಮ್ಮ. ನೀರು ನಿಧಾನಕ್ಕೆ ಇಳಿಸ್ತಾ ಹೋಗು. ಒಂದೊಂದು ತಲೆ ಏಳೋದೂ ಒಂದು ಕೊಂಬೆ. ಎರಡು ನೆಲ ಕೂಡಿದ ಕಡೆ ಕೊಂಬೆ ಕೂಡುತ್ತೆ. ಕೊನೆಗೆ ಒಂದು ಮರ ಸಿಗುತ್ತೆ" ಅಂದರು. ಇದು ನಮ್ಮಜ್ಜಿಯ ಬೆರಳು ಅಂತ ನನಗೆ ಅನ್ನಿಸಿತು. ಬಾಯಿ ಬಿಟ್ಟು ಹೇಳಲಿಲ್ಲ.

ಆಮೇಲೆ ನಮ್ಮ ಕೈಗೆ ಬಂದದ್ದು ನಮ್ಮದೇ ಹೊಳೆ. ಎಂಜಿನಿಯರುಗಳ ಒಂದು ತಂಡ ನಂಜನಗೂಡಿನಿಂದ ಸಂಗಮದ ತನಕ ಕಪಿಲೆಯನ್ನು ಕಂಪ್ಯೂಟರಿನೊಳಗೆ ಹರಿಸಿತ್ತು. ನೆಲವನ್ನು ಸಣ್ಣ ಸಣ್ಣ ಚೌಕ ಮಾಡಿ, ಒಂದೊಂದು ಚೌಕದಲ್ಲೂ ನೀರೆಷ್ಟು, ಎತ್ತ ಹೋಗುತ್ತಿದೆ ಎಂದು ಗಳಿಗೆಗೊಮ್ಮೆ ಲೆಕ್ಕ ಹಾಕಿತ್ತು. ಒಂದು ಪ್ರವಾಹಕ್ಕೆ ಒಂದು ರಟ್ಟಿನ ಡಬ್ಬದ ತುಂಬ ಸಿ.ಡಿ.ಗಳು. ಹಾಗೇ ಬಣ್ಣ ಹಚ್ಚಿ ಓಡಿಸಿದರೆ ಪರದೆಯೆಲ್ಲ ನೀಲಿ. ಯಾರು ಎಷ್ಟು ನೋಡಿದರೂ ಯಾವ ಊರು ಯಾವಾಗ ನಡುಗಡ್ಡೆಯಾಯಿತು ಅನ್ನುವುದು ತಿಳಿಯುತ್ತಿರಲಿಲ್ಲ. ಅದನ್ನು ಮರ ಮಾಡಿ ತೋರಿಸುವುದು ನನ್ನ ಕೆಲಸ. ಆ ಮರ ನೋಡಿ ದೋಣಿಗಳು ಮೊದಲು ಎಲ್ಲಿಗೆ ಹೋಗಬೇಕೆಂದು ಪಟ್ಟಿ ಮಾಡುವವರು ಬೇರೆ ಒಬ್ಬ ಸಾಹೇಬರು. ಪಟ್ಟಿಯಲ್ಲಿ ಹೆಸರಿದ್ದ ಕಡೆಗೆ ದೋಣಿ ಹೋಗುತ್ತದೆ, ಇಲ್ಲದ ಕಡೆಗೆ ಹೋಗುವುದಿಲ್ಲ. ಇದು ನನಗೆ ಮೊದಲ ದಿನದಿಂದಲೇ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ನಾನು ಯಾರಿಗೂ ಹೇಳುವ ಹಾಗಿಲ್ಲ.

ಮೊದಲು ಬಂದ ಮರ ಮರವಾಗಿರಲಿಲ್ಲ, ಜಾಲಿ ಮುಳ್ಳಿನ ಮೆಳೆಯಾಗಿತ್ತು. ಬದು, ತಿಪ್ಪೆ, ರಸ್ತೆ ಬದಿಯ ಮಣ್ಣುಗುಡ್ಡೆ ಎಲ್ಲದಕ್ಕೂ ಒಂದೊಂದು ಕಡ್ಡಿ. ನೆಲ ಅಳೆಯುವಾಗ ಆದ ತಪ್ಪುಗಳಿಗೂ ಒಂದೊಂದು ಕಡ್ಡಿ. ಇದಕ್ಕೆ ನಮ್ಮ ವಿದ್ಯೆಯಲ್ಲಿ ಮದ್ದಿದೆ. ಪ್ರತಿ ನಡುಗಡ್ಡೆಗೂ ಒಂದು ಆಯಸ್ಸು. ನೀರು ಏರುವಾಗ ಅದು ಬೇರೆಯಾದ ಮಟ್ಟದಿಂದ ಮುಳುಗಿದ ಮಟ್ಟದ ತನಕ ಎಷ್ಟು ಎತ್ತರವೋ ಅಷ್ಟು. ಆಯಸ್ಸು ಕಡಿಮೆ ಇದ್ದರೆ ಅದು ಬಹುಮಟ್ಟಿಗೆ ಕಸ. ಒಂದು ಅಳತೆ ಇಟ್ಟು ಅದಕ್ಕಿಂತ ಗಿಡ್ಡವಾದ ಕೊಂಬೆಗಳನ್ನೆಲ್ಲ ಕತ್ತರಿಸಿಬಿಡುತ್ತೇವೆ. ಉಳಿದದ್ದು ಗಟ್ಟಿ, ನಂಬುವಂಥದ್ದು.

ಈ ಮಾತು ಪುಸ್ತಕದಲ್ಲಿ ಚೆನ್ನಾಗಿದೆ. ನೆಲದ ಮೇಲೆ ನಿಂತು ಯೋಚಿಸಿ ನೋಡಿ. ಬೇಗ ಬೇರೆಯಾಗಿ ಬೇಗ ಮುಳುಗುವ ಜಾಗಕ್ಕೇ ದೋಣಿ ಮೊದಲು ಹೋಗಬೇಕಾದದ್ದು. ಗುಡಿ ಮೇಡಿನ ಮೇಲಿರುವವರು ವಾರಗಟ್ಟಲೆ ಕಾಯಬಲ್ಲರು. ನಮ್ಮ ಗಣಿತ ಅವರಿಗೆ ದಪ್ಪ ಕೊಂಬೆ ಕೊಡುತ್ತದೆ.

ನಾನು ಅಳತೆಯನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದೆ. ಮುಳ್ಳುಗಳು ಉದುರುತ್ತ ಬಂದವು. ನಮ್ಮ ದಿಬ್ಬದ ಕಡ್ಡಿ ಎಲ್ಲಿದೆ ಅಂತ ಮೊದಲೇ ಹುಡುಕಿ ಇಟ್ಟುಕೊಂಡಿದ್ದೆ. ಉಗುರಿನುದ್ದ. ಮುಕ್ಕಾಲು ಮೀಟರಿಗೆ ಅದಿತ್ತು, ಜೊತೆಗೆ ಇನ್ನೂ ಮೂವತ್ತು ನಲವತ್ತು ಮುಳ್ಳೂ ಇದ್ದವು. ಒಂದು ಮೀಟರಿಗೆ ಎಲ್ಲ ಹೋಗಿ ಹನ್ನೆರಡು ಕೊಂಬೆಯ ಮರವೊಂದು ನಿಂತಿತು. ಯಾರಾದರೂ ಕೈಯಲ್ಲಿ ಬರೆದ ಹಾಗಿತ್ತು. ಒಂದು ಹಾಳೆಯಲ್ಲಿ ಹಿಡಿಯುತ್ತಿತ್ತು. ನನ್ನ ಜೀವಮಾನದಲ್ಲಿ ನಾನು ಮಾಡಿದ ಅಷ್ಟು ಚೆಂದದ ವಸ್ತು ಬೇರೊಂದಿರಲಿಲ್ಲ.

ಸಾಹೇಬರು ಬಂದ ದಿನ ಎರಡನ್ನೂ ಗೋಡೆಯ ಮೇಲೆ ತೋರಿಸಿದೆ. ಮುಕ್ಕಾಲು ಮೀಟರಿನದನ್ನು ನೋಡುತ್ತ ಮಾರ್ಗದರ್ಶಕರು ಕೋಲಿನಿಂದ ಒಂದು ಕಡ್ಡಿಯನ್ನು ಮುಟ್ಟಿದರು.

"ಇದೇನಮ್ಮ, ಹೊಳೆ ಪಕ್ಕದಲ್ಲಿ? ಮನೆಗಿನೆ ಇದ್ಯಾ ಅಲ್ಲಿ?"

ಎಂಟು ಹತ್ತು ಜನ ಕೂತಿದ್ದರು. ಆ ಕಟ್ಟಡದಲ್ಲಿ ಮೂರು ವರ್ಷ ಓಡಾಡಿದ್ದರೂ ನಾನು ಯಾವ ಬೀದಿಯವಳು ಅಂತ ಯಾರಿಗೂ ಗೊತ್ತಿರಲಿಲ್ಲ. ಯಾವೂರು ಅಂತ ಕೇಳಿದರೆ ನರಸೀಪುರ ಅನ್ನುತ್ತಿದ್ದೆ. ಊರು ದೊಡ್ಡದು ಹೇಳಿದಷ್ಟೂ ಕೇರಿ ಕಾಣುವುದಿಲ್ಲ. ಈಗ ಇದೆ ಸರ್ ಅಂದರೆ, ಯಾರದು ಅನ್ನುತ್ತಾರೆ. ಹನ್ನೊಂದು ಮನೆ ಊರು ಬಿಟ್ಟು ತಗ್ಗಿನಾಚೆ ಯಾಕಿವೆ ಅನ್ನುತ್ತಾರೆ. ಯಾಕಿವೆ ಅಂತ ಅಲ್ಲಿದ್ದ ಎಲ್ಲರಿಗೂ ಕೇಳುವ ಮೊದಲೇ ತಿಳಿಯುತ್ತದೆ. ಆಮೇಲೆ ನಿಮಗೆ ಹೇಗೆ ಗೊತ್ತು ಅನ್ನುತ್ತಾರೆ.

"ಕಸ ಸರ್" ಅಂದೆ.

"ನೀವು ಆ ಕಡೆಯವರೇ ಅಲ್ವಾ?" ಅಂತ ಸಾಹೇಬರು ಕೇಳಿದರು.

"ಹೌದು ಸರ್. ನರಸೀಪುರ."

"ಸರಿ ಹಾಗಾದ್ರೆ. ಒಂದು ಮೀಟರೇ ಇರಲಿ, ಕ್ಲೀನಾಗಿದೆ" ಅಂದರು ಸಾಹೇಬರು. ಅವರು ಒಳ್ಳೆಯ ಮನುಷ್ಯರು. ಮಾರ್ಗದರ್ಶಕರೂ ಒಳ್ಳೆಯವರು, ಕೇಳುವುದನ್ನು ಕೇಳಿದ್ದರು. ಆ ಕೋಣೆಯಲ್ಲಿ ದಿಬ್ಬವನ್ನು ಕಣ್ಣಾರೆ ನೋಡಿದ್ದವಳು ನಾನೊಬ್ಬಳೇ, ಕಸ ಅಂದವಳೂ ನಾನೊಬ್ಬಳೇ.

ಮುಂದಿನ ವಾರ ದಿಬ್ಬಕ್ಕೆ ಹೋದಾಗ ಬಣ್ಣದ ಪಟವನ್ನು ಸುರುಳಿ ಸುತ್ತಿ ತೆಗೆದುಕೊಂಡು ಹೋದೆ. ಅಷ್ಟು ಮಾಡಿದ ಮೇಲೂ ತೋರಿಸುವ ಆಸೆ ಹೋಗಿರಲಿಲ್ಲ ನೋಡಿ. ಅಜ್ಜಿ, ದೊಡ್ಡವ್ವ ಇಬ್ಬರೂ ಬುದ್ಧನ ಪಟದ ಕೆಳಗೆ ಚಾಪೆ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪಟ ಬಿಡಿಸಿ, ನೀನು ಬೆರಳು ಮಡಿಚಿ ಹೇಳುತ್ತಿದ್ದುದೇ ಇದು ಅಂದೆ. ಅಜ್ಜಿಗೆ ತಕ್ಷಣ ತಿಳಿಯಿತು. ಇಷ್ಟು ಬೇಗ ನನ್ನ ವಿದ್ಯಾರ್ಥಿಗಳಿಗೂ ತಿಳಿದಿಲ್ಲ. ಕೊಂಬೆ ಮುಟ್ಟಿ, ಇದು ಗುಡಿ ಮೇಡು, ಇದು ತೋಪು, ಇಲ್ಲಿ ಕೂಡಿಕೊಂಡ್ವು ಅಂದಳು. ಆಮೇಲೆ ಬೆರಳು ನಿಂತಿತು.

"ನಮ್ದೆಲ್ಲಿ?"

"ಅದು ಊರಿನ ಜೊತೆಗೇ ಸೇರ್ಕೊಂಡಿದೆ ಅಜ್ಜಿ."

ದೊಡ್ಡವ್ವ ಕಾಯಿ ಸುಲಿಯುವುದನ್ನು ನಿಲ್ಲಿಸಿದಳು. "ಬಾವಿಗೆ ಸೇರಿಸ್ನಿಲ್ಲ, ಗುಡಿಗೆ ಸೇರಿಸ್ನಿಲ್ಲ. ನೀರ್ ಬಂದಾಗ ಮಾತ್ರ ಸೇರಿಸ್ಕಂಡ್ರಾ?" ಅಂದು ನಗಲಿಕ್ಕೆ ಶುರು ಮಾಡಿದಳು. ಅಜ್ಜಿಯೂ ನಕ್ಕಳು. ನಾನೂ ನಕ್ಕೆ.

"ಓಗ್ಲಿ, ದೋಣಿ ಬತ್ತದೋ ಇಲ್ವೋ?" ಅಂತ ಕೇಳಿದಳು ದೊಡ್ಡವ್ವ. "ಈ ಕಾಲ್ ಎಳ್ಕಂಡು ಇನ್ನೊಂದ್ಸಲ ತಗ್ಗು ದಾಟೋದು ನನ್ ಕೈಲಾಗಕಿಲ್ಲ. ನಿನ್ ಮಾವಂಗೂ ವಯಸ್ಸಾಯ್ತು, ಓದ್ಸಲ ಒತ್ಕಂಡಾಗ್ಲೇ ತಿಣುಕ್ತಿದ್ದ."

"ಬರುತ್ತೆ ದೊಡ್ಡವ್ವ. ಈಗ ಎಲ್ಲ ಕಂಪ್ಯೂಟರಲ್ಲಿದೆ" ಅಂದೆ.

ಇದನ್ನು ಹೇಳಿದ್ದು ನಾನೇ. ಬೇರೆ ಯಾರೂ ಹೇಳಿಸಲಿಲ್ಲ.

ಮಾರನೆಯ ವರ್ಷ ಮಳೆ ಜೋರಾಯಿತು. ನಂಜನಗೂಡಿನಲ್ಲಿ ಕಪಿಲೆ ಮೆಟ್ಟಿಲುಗಳನ್ನು ನುಂಗಿ ಬೀದಿಗೆ ಬಂದಿದ್ದಳು. ಕಾಲೇಜಿಗೆ ರಜ. ಬೆಳಿಗ್ಗೆ ಹತ್ತು ಗಂಟೆಗೆ ಊರಿನವರೆಲ್ಲ ದಂಡೆಯಲ್ಲಿ ನಿಂತು ನೀರು ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ. ಮರ, ಹುಲ್ಲಿನ ಮೆದೆ, ಒಂದು ಸೈಕಲ್ ಟೈರು ತೇಲಿಕೊಂಡು ಹೋದವು. ಈ ನೀರು ಮಧ್ಯಾಹ್ನದ ಹೊತ್ತಿಗೆ ಎಲ್ಲಿರುತ್ತದೆ, ಯಾವ ಗಳಿಗೆಗೆ ಯಾವ ಕೊಂಬೆ ಬೇರೆಯಾಗುತ್ತದೆ ಎಂದು ನನಗೆ ಬಾಯಿಪಾಠವಾಗಿತ್ತು. ಹನ್ನೆರಡು ಕೊಂಬೆಗಳನ್ನೂ ಲೆಕ್ಕ ಹಾಕಿದೆ. ಹದಿಮೂರನೆಯದನ್ನು ನೆನೆದದ್ದು ಎಷ್ಟೋ ಹೊತ್ತಿನ ಮೇಲೆ. ಓಡಿ ಹೋಗಿ ಅಂಗಡಿಯ ಫೋನಿನಿಂದ ಸಾಹೇಬರ ಕಚೇರಿಗೆ ಮಾಡಿದೆ. ಗಂಟೆ ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಎಲ್ಲರೂ ಪಟ್ಟಿ ಹಿಡಿದು ಹೊಳೆಯ ಕಡೆ ಹೋಗಿದ್ದರು. ನರಸೀಪುರದ ಕಡೆ ಬಸ್ಸೂ ಓಡುತ್ತಿರಲಿಲ್ಲ.

ಅಲ್ಲಿ ಏನಾಯಿತು ಅನ್ನುವುದನ್ನು ಸಂಜೆ ಮಾವ ಫೋನಿನಲ್ಲಿ ಹೇಳಿದ. ಅಜ್ಜಿ ಹೊಳೆಗೆ ಬೆನ್ನು ಹಾಕಿ ಕೂತೇ ಇದ್ದಳು, ಸಮಯಕ್ಕೆ ಸರಿಯಾಗಿ ಕೂಗಿದಳು. ಹತ್ತು ಮನೆಯವರು ದಾಟಿದರು. ಮಾವ ದೊಡ್ಡವ್ವನಿಗೆ ಹೆಗಲು ಕೊಡಲು ಹೋದರೆ ಅವಳು ಒಪ್ಪಲಿಲ್ಲ.

"ಏನಂದ್ಲು?" ಅಂತ ಕೇಳಿದೆ.

"'ಅಮ್ಮಿ ಪಟ ಬರ್ದವ್ಳೆ, ದೋಣಿ ಬತ್ತದೆ. ನೀನ್ ಎಳೇ ಮಕ್ಳ ದಾಟ್ಸೋಗು' ಅಂದ್ಲು. ನಿಮ್ಮಜ್ಜಿ ಅವ್ಳನ್ ಬುಟ್ಟು ಬರಾಕಿಲ್ಲ ಅಂತ ಅಲ್ಲೇ ಕುಂತ್ಲು. ಮಕ್ಳ ದಾಟ್ಸಿ ತಿರಿಕ್ಕಂಡ್ ನೋಡುದ್ರೆ ಕುರಿಕಲ್ಲೇ ಕಾಣ್ನಿಲ್ಲ."

ದೋಣಿ ಬಂದದ್ದು ನಿಜ. ದಿಬ್ಬದ ಪಕ್ಕದಲ್ಲೇ ಹಾದು ಗುಡಿ ಮೇಡಿಗೆ ಹೋಯಿತು, ಮೊದಲ ಕೊಂಬೆಗೆ. ಅಜ್ಜಿ ಸೆರಗು ಬೀಸಿದಳಂತೆ. ನೀರು ನೋಡಲು ಬಂದವರು ಬೀಸುತ್ತಿದ್ದಾರೆ ಅಂತ ದೋಣಿಯವರು ಅಂದುಕೊಂಡರೋ ಏನೋ, ಅವರ ಪಟ್ಟಿಯ ಪ್ರಕಾರ ಅದು ನಡುಗಡ್ಡೆಯೇ ಅಲ್ಲ. ಮಾವ ಎಲ್ಲಿಂದಲೋ ಮೀನು ಹಿಡಿಯುವವರ ಹರಿಗೋಲು ತರುವ ಹೊತ್ತಿಗೆ ದೊಡ್ಡವ್ವನ ಮನೆಯ ಮಣ್ಣುಗೋಡೆ ನೆನೆದು ಕುಸಿದಿತ್ತು. ಅಜ್ಜಿ ಜಗುಲಿಯ ಕಂಬ ತಬ್ಬಿಕೊಂಡು ಸೊಂಟದುದ್ದದಲ್ಲಿ ನಿಂತಿದ್ದಳು. ದೊಡ್ಡವ್ವ ಸಿಕ್ಕಿದ್ದು ನೀರು ಇಳಿದ ಮೇಲೆ, ತಗ್ಗಿನಲ್ಲಿ.

ನಾನು ಹೋಗುವ ಹೊತ್ತಿಗೆ ಮಣ್ಣಾಗಿತ್ತು. ಅಜ್ಜಿ ಸ್ಕೂಲಿನ ಜಗುಲಿಯ ಮೇಲೆ ಯಾರದೋ ಕಂಬಳಿ ಹೊದ್ದು ಕೂತಿದ್ದಳು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟುಕೊಂಡಿದ್ದಳು. ನಾನು ಅಲ್ಲಿ ಕೂರಲಿಲ್ಲ, ಎದುರಿಗೆ ಕೂತೆ.

ಅಜ್ಜಿಯೇ ಕೇಳಿದಳು. "ನಮ್ ದಿಬ್ಬ ಅದ್ರಲ್ಲಿ ಇಲ್ದಿದ್ದುದು ನಿಂಗ್ ಗೊತ್ತಿತ್ತಾ?"

ಬೈಯುವ ದನಿಯಲ್ಲ. ಉಪ್ಪು ಹಾಕಿದ್ಯಾ ಅಂತ ಕೇಳುವ ದನಿ.

"ಇಲ್ಲ ಅಜ್ಜಿ. ಕಂಪ್ಯೂಟರೇ ಬಿಟ್ಟುಬಿಟ್ಟಿತ್ತು."

ಅಜ್ಜಿ ಕಂಬಳಿಯೊಳಗಿನಿಂದ ಕೈ ತೆಗೆದು ನನ್ನ ಕೆನ್ನೆ ಸವರಿದಳು. "ಅದಕ್ಕೇನ್ ಗೊತ್ತವ್ವ, ಮಿಸಿನ್ನು. ನೀನ್ಯಾಕ್ ಸೊರಗೀಯೆ, ಬುಡು. ಉಂಡ್ಯಾ?"

ಬೈದಿದ್ದರೆ ಒಂದು ದಿನ ಹೇಳಿಬಿಡುತ್ತಿದ್ದೆನೇನೋ. ನಂಬಿದ್ದರಿಂದ ಹೇಳುವ ಬಾಗಿಲು ಮುಚ್ಚಿಹೋಯಿತು.

ಮೈಸೂರಿಗೆ ಹೋಗಿ ಅಳತೆಯನ್ನು ಇಳಿಸಿದೆ. ಆಯಸ್ಸು ಕಡಿಮೆ ಇರುವ ಕೊಂಬೆಗಳಲ್ಲಿ ಮನೆ ಇರುವವು ಯಾವುವು ಅಂತ ಹಟ್ಟಿ ಹಟ್ಟಿ ಸುತ್ತಿ ಗುರುತು ಹಾಕಿ ತಂದೆ. ಅಂಥವು ಇನ್ನೂ ಐದಿದ್ದವು, ಹೆಚ್ಚುಕಡಿಮೆ ಎಲ್ಲವೂ ನಮ್ಮಂಥವರ ಕೇರಿಗಳೇ. ಒಳ್ಳೆಯ ನೆಲವನ್ನೆಲ್ಲ ಬೇರೆಯವರು ಹಿಡಿದ ಮೇಲೆ ಯಾರಿಗೂ ಬೇಡವಾಗಿ ಉಳಿದದ್ದು ನಮಗೆ ಬಂದಿತ್ತು, ನಮ್ಮ ನೆಲದ ಆಯಸ್ಸೇ ಅಷ್ಟು. ಸಾಹೇಬರು ಹೊಸ ಪಟ್ಟಿ ಮಾಡಿದರು. ಗಿಡ್ಡ ಕೊಂಬೆಗಳನ್ನು ಕಸ ಎನ್ನಬಾರದು ಅಂತ ನಾನು ಒಂದು ಅಧ್ಯಾಯವನ್ನೇ ಬರೆದೆ. ಡಾಕ್ಟರೇಟು ಬಂದದ್ದು ಅದಕ್ಕೇ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದವರು, ಈ ಯೋಚನೆ ನಿಮಗೆ ಹೇಗೆ ಹೊಳೆಯಿತು ಅಂತ ಕೇಳಿದರು. ಲೆಕ್ಕ ನೋಡುತ್ತ ನೋಡುತ್ತ ಹೊಳೆಯಿತು ಅಂದೆ. ಅಲ್ಲೂ ಅಷ್ಟೇ.

ದಿಬ್ಬದ ಮನೆಗಳು ಆಮೇಲೆ ಊರಿನ ಇನ್ನೊಂದು ಬದಿಗೆ ಹೋದವು. ಅಜ್ಜಿಯನ್ನು ನಾನು ನಂಜನಗೂಡಿಗೆ ಕರೆದುಕೊಂಡು ಬಂದೆ. ನನ್ನದು ಬಾಡಿಗೆ ಮನೆ, ಹೊಳೆಯಿಂದ ದೂರ, ಎತ್ತರದ ಬಡಾವಣೆ. ನೀರು ಅಲ್ಲಿಗೆ ಬರಬೇಕಾದರೆ ನಂಜನಗೂಡೇ ಇರಬಾರದು. ಆದರೂ ಮಳೆ ಹಿಡಿದರೆ ಅಜ್ಜಿ ಬೀದಿಯ ಕಡೆ ಕೂರುತ್ತಿರಲಿಲ್ಲ. ಹಿತ್ತಿಲ ಬಾಗಿಲಿಗೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಅಲ್ಲಿದ್ದದ್ದು ಬಟ್ಟೆ ಒಗೆಯುವ ಕಲ್ಲು, ಅದರ ಹಿಂದೆ ಕಾಂಪೌಂಡ್ ಗೋಡೆ. ಒಗೆಯುವ ಕಲ್ಲನ್ನೇ ನೋಡುತ್ತಿರುತ್ತಿದ್ದಳು. ನಾನು ಹಿಂದಿನಿಂದ ಹಾದು ಹೋದರೆ ಹೆಜ್ಜೆ ಸದ್ದಿಗೇ ಗುರುತು ಹಿಡಿದು, "ಬಾರವ್ವ, ವಸಿ ನೀನ್ ನೋಡ್ತಿರು. ನಾನು ಕಾಲು ಚಾಚ್ತೀನಿ" ಅನ್ನುತ್ತಿದ್ದಳು. ಮೊದಲು ಹಾಗೆ ಹೇಳುತ್ತಿದ್ದದ್ದು ದೊಡ್ಡವ್ವನಿಗೆ.

ನಾನು ಮಣೆ ಹಾಕಿಕೊಂಡು ಕೂರುತ್ತಿದ್ದೆ. ಅಜ್ಜಿ ನನ್ನನ್ನು ನಂಬಿ ಕಣ್ಣು ಮುಚ್ಚುತ್ತಿದ್ದಳು. ಹೋಗುವ ತನಕ, ನಾಲ್ಕು ಮಳೆಗಾಲ, ಹಾಗೇ ನಂಬಿದ್ದಳು.